ಬೆಳ್ಳಟ್ಟಿಯ ಕೌದಿ ಹರಾಜಿಗೆ ಬಿದ್ದದ್ದು

ಜುಲೈ 14, ಸೋಮವಾರ, ಬೆಳಿಗ್ಗೆ ಹತ್ತೂವರೆ. ಬೆಳ್ಳಟ್ಟಿಯಲ್ಲಿ ನನ್ನ ಚಿಗವ್ವನ ಮನೆಯ ಪಡಸಾಲೆಯಲ್ಲಿ ಕುಳಿತು ಅವಳ ಕೌದಿಯನ್ನು ಫೋನಿನಲ್ಲಿ ಹರಾಜಿಗೆ ಹಾಕಿದೆ. ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಒಂದು ಗಡಿಯಾರ ಹಿಂದಕ್ಕೆ ಓಡತೊಡಗಿತು. ಮೂರು ದಿನದ ಗಡುವು. ಗಡಿಯಾರದ ಕೆಳಗೆ ಒಂದು ಸುತ್ತಿಗೆಯ ಚಿತ್ರ, ಅದರ ಸುತ್ತ ಹಾರುವ ಬಣ್ಣದ ಚೂರುಗಳು. ಯಾರದೋ ಮದುವೆಯಾಯಿತೇನೋ ಎನ್ನುವಂಥ ಸಂಭ್ರಮ. ಆ ಸುತ್ತಿಗೆ ಈಗ ಎಲ್ಲಿ ಕಂಡರೂ ನನಗೆ ಹೇಸಿಗೆಯಾಗುತ್ತದೆ.

ಚಿಗವ್ವ ನಮ್ಮವ್ವನ ತಂಗಿ. ಅವಳ ಗಂಡ, ನಮ್ಮ ಕಾಕಾ, ಶಿರಹಟ್ಟಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾರೆ, ಇವಳು ಮನೆಯಲ್ಲಿ ಕೌದಿ ಹೊಲಿಯುತ್ತಾಳೆ. ಹಳೆಯ ನೂಲಿನ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ನಡುವಿನ ಕಡೆಗೆ ಸುತ್ತು ಸುತ್ತಾಗಿ ಹೊಲಿಗೆ ಹಾಕುತ್ತ ಬರುತ್ತಾಳೆ. ಅವಳ ಹೊಲಿಗೆ ಗೋದಿ ಕಾಳಿನಷ್ಟು ಸಣ್ಣದು, ಒಂದರಂತೆ ಇನ್ನೊಂದು. ಆದರೆ ಇಷ್ಟು ವರ್ಷ ಅವಳ ಕೌದಿ ಅವಳದಾಗಿರಲಿಲ್ಲ. ಗದಗಿನ ಒಬ್ಬ ವ್ಯಾಪಾರಿ ಪಾಲಿಸ್ಟರ್ ಚಿಂದಿಯ ಗಂಟು ಕಳಿಸುತ್ತಿದ್ದ. ಅವನು ಹೇಳಿದ ನಮೂನೆಯಲ್ಲಿ ಹೊಲಿದು ಕೊಟ್ಟರೆ ತುಂಡಿಗಿಷ್ಟು ಎಂದು ಕೊಡುತ್ತಿದ್ದ. ಊರಿನವರೆಲ್ಲ ಅವನನ್ನು ಸಾವ್ಕಾರ ಎನ್ನುತ್ತಾರೆ. ಚಿಗವ್ವ ತನ್ನ ಸೀರೆ, ತನ್ನ ನಮೂನೆ, ತನ್ನ ದರದಲ್ಲಿ ಮಾರುತ್ತೇನೆಂದಾಗ ಅವನು ನಕ್ಕು ಗಡುವು ಕೊಟ್ಟಿದ್ದ.

"ಪಂಚಮಿ ಒಳಗ ಹೇಳವಾ. ಹೊಲಿದ್ರ ನನಗೊಬ್ಬಗ ಹೊಲಿ. ಇಲ್ಲಾಂದ್ರ ನಿನ್ನ ಗಂಟು ಬ್ಯಾರೇದವ್ರ ಮನಿಗೆ ಹೊಕ್ಕೈತಿ."

ಹೀಗಾಗಿ ಜುಲೈ ಕೊನೆಗೆ ಬರುವ ನಾಗರ ಪಂಚಮಿಯ ಒಳಗೆ ಅವಳ ಕೈಯ ಕೌದಿಗೆ ಅವಳದೇ ಗಿರಾಕಿ ಸಿಗಬೇಕಿತ್ತು. ಆಗ ಮಾತ್ರ ಸಾವ್ಕಾರನಿಗೆ ಒಲ್ಲೆ ಎನ್ನಬಹುದಿತ್ತು.

ಹರಾಜಿಗೆ ಮೊದಲು ಎರಡು ತಿಂಗಳು ಅದೇ ಮಾರಾಟದ ಜಾಲತಾಣದಲ್ಲಿ ನಿಗದಿ ಬೆಲೆಗೆ ಮಾರಾಟಕ್ಕೆ ಇಟ್ಟಿದ್ದೆವು. ನಾನು ಬೆಟಗೇರಿಯಲ್ಲಿ ಬೆಳೆದವಳು. ನಮ್ಮಲ್ಲಿ ಕೆಲವು ಸೀರೆ ಅಂಗಡಿಗಳಲ್ಲಿ 'ಒಂದೇ ಮಾತು, ಒಂದೇ ದರ' ಎಂಬ ಹಲಗೆ ತೂಗುಹಾಕಿರುತ್ತಾರೆ. ಅಂಥ ಅಂಗಡಿಗೆ ಹೋದವರು ಬೇಕಿದ್ದರೆ ಕೊಳ್ಳುತ್ತಾರೆ, ಬೇಡವಾದರೆ ನೀರು ಕುಡಿದು ಎದ್ದು ಬರುತ್ತಾರೆ. ನಿಗದಿ ಬೆಲೆ ಎಂದರೆ ಇಷ್ಟೇ ಎಂದು ತಿಳಿದಿದ್ದೆ. ಚಿಗವ್ವ ಸೀರೆ, ದಾರ, ದಿನಗಳ ದುಡಿಮೆ ಎಲ್ಲ ಲೆಕ್ಕ ಹಾಕಿ ನಾಲ್ಕೂವರೆ ಸಾವಿರ ಎಂದಳು. ನಾನು ಹಾಗೆಯೇ ಬರೆದೆ.

ಮರುದಿನದಿಂದಲೇ ತಾಣ ನನ್ನ ಬೆನ್ನು ಹತ್ತಿತು. 'ನಿಮ್ಮ ಬೆಲೆ ಹೆಚ್ಚಾಗಿದೆ, ಇಳಿಸಿ.' 'ಹಬ್ಬದ ರಿಯಾಯಿತಿಗೆ ಸೇರಿಕೊಳ್ಳಿ.' ಒಂದು ಬೆಳಿಗ್ಗೆ ನೋಡಿದರೆ ನಾಲ್ಕೂವರೆ ಸಾವಿರದ ಮೇಲೆ ಗೀಟು ಹೊಡೆದು ಕೆಳಗೆ ಮೂರು ಸಾವಿರದ ಚಿಲ್ಲರೆ ಬರೆದಿತ್ತು. ನಾವು ಬರೆದದ್ದಲ್ಲ. ಎಲ್ಲೋ ಒಂದು ಷರತ್ತಿಗೆ ಒಪ್ಪಿಗೆ ಒತ್ತಿದ್ದೆನಂತೆ. ಅದನ್ನು ತೆಗೆಸಿದ ಮೇಲೆ ಚಿಗವ್ವನ ಕೌದಿಯ ಫೋಟೋದ ಬುಡದಲ್ಲೇ ಗಿರಣಿಯಲ್ಲಿ ಅಚ್ಚೊತ್ತಿದ ಹೊದಿಕೆಗಳು ಬಂದು ಕುಳಿತವು. ಹೊಲಿಗೆಯನ್ನೂ ಬಣ್ಣದಲ್ಲೇ ಅಚ್ಚು ಹಾಕಿದ್ದರು. ಹೆಸರು 'ಕೈಹೊಲಿಗೆ ಕೌದಿ', ಬೆಲೆ ಏಳುನೂರಕ್ಕೂ ಕಡಿಮೆ. ಚಿಗವ್ವ ಕನ್ನಡಕ ಏರಿಸಿಕೊಂಡು ಅದನ್ನು ದೊಡ್ಡದು ಮಾಡಿ ನೋಡಿದಳು.

"ಇದ್ರಾಗ ಸೂಜೀನ ಹೊಕ್ಕಿಲ್ಲಲ್ಲೇ ತಂಗಿ."

ಬಂದ ಪ್ರಶ್ನೆಗಳನ್ನೆಲ್ಲ ನಾನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. 'ಲಾಸ್ಟ್ ಎಷ್ಟು' ಎಂದು ಕೇಳಿದವರು ಹನ್ನೊಂದು ಜನ. ಯಾರು ಹೊಲಿದದ್ದು ಎಂದು ಕೇಳಿದವರು ಇಬ್ಬರು. ಕೊನೆಗೆ ಒಂದು ಮನೆಯವರು ಕೊಂಡರು. ಅಂದು ಚಿಗವ್ವ ಸಜ್ಜಕದ ಸಿಹಿ ಮಾಡಿದ್ದಳು. ವಾರ ತುಂಬುವುದರೊಳಗೆ ಕೌದಿ ತಿರುಗಿ ಬಂತು. ಕಾರಣದ ಜಾಗದಲ್ಲಿ 'ಬಣ್ಣ ಫೋಟೋದಲ್ಲಿ ಇದ್ದಂತಿಲ್ಲ' ಎಂದಿತ್ತು. ಗಂಟು ಬಿಚ್ಚಿದಾಗ ಹುಳಿತ ಹಾಲಿನ ವಾಸನೆ, ತಲೆಗೆ ಹಚ್ಚುವ ಎಣ್ಣೆಯ ವಾಸನೆ ಮುಖಕ್ಕೆ ರಾಚಿತು. ನಡುವಿನ ಚೌಕದ ಮೇಲೆ ಅಂಗೈಯಗಲದ ಕಲೆ. ಒಂದು ಮೂಲೆಗೆ ಒಡೆದ ಬಲೂನಿನ ಚೂರು ಅಂಟಿಕೊಂಡಿತ್ತು. ಯಾವುದೋ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹಾಸಿ, ಫೋಟೋ ತೆಗೆಸಿಕೊಂಡು, ಮಡಚಿ ಕಳಿಸಿದ್ದರು. ತಾಣ ಅವರಿಗೆ ಪೂರಾ ಹಣ ಕೊಟ್ಟು, ಹೋಗಿ ಬರುವ ಸಾಗಣೆಯ ಖರ್ಚನ್ನು ಚಿಗವ್ವನ ಖಾತೆಯಿಂದ ಮುರಿದುಕೊಂಡಿತು. ಕಲೆಯ ಫೋಟೋ ಕಳಿಸಿದರೆ 'ಗ್ರಾಹಕರ ತೃಪ್ತಿಯೇ ನಮ್ಮ ಗುರಿ' ಎಂಬ ಉತ್ತರ ಬಂತು.

ನಾನು ಮೂಗು ಮುಚ್ಚಿಕೊಂಡೆ. ಚಿಗವ್ವ ಅದನ್ನು ಬಕೆಟ್ಟಿನಲ್ಲಿ ನೆನೆಯಿಟ್ಟು ಅಂದಳು: "ಕೂಸಿನ ಹಾಲಿಗೆ ನನಗ ಹೇಸಿಕಿ ಇಲ್ಲವಾ. ನಾ ಏನ್ ಕೂಸು ಸಾಕಿಲ್ಲೇನ? ಬಣ್ಣ ಸರಿ ಇಲ್ಲಂತ ಬರದ್ರಲ್ಲ, ಅದಕ್ಕ ಹೇಸಿಕಿ."

ಹರಾಜಿಗೆ ಹೋದದ್ದು ಈ ಕಾರಣಕ್ಕೆ. ಹರಾಜಿನಲ್ಲಿ ಕೊಂಡದ್ದನ್ನು ಹಿಂದಿರುಗಿಸುವಂತಿಲ್ಲ ಎಂದು ಆ ತಾಣದ ನಿಯಮ. ಕಲೆ ಬೀಳದ ಹೊಸ ಕೌದಿಯೊಂದನ್ನು ಆರಿಸಿದೆವು. ಅಂಚಿಗೆ ಇಳಕಲ್ ಸೀರೆಯ ಕೆಂಪು ಸೆರಗು, ನಡುವೆ ಹಳದಿ ಚೌಕಗಳು. ಆದರೆ ಕೂಗು ಎಷ್ಟರಿಂದ ಶುರುವಾಗಬೇಕು ಎಂಬಲ್ಲಿ ತಾಣ ಮತ್ತೆ ತನ್ನ ಬುದ್ಧಿ ತೋರಿಸಿತು. ಒಂದು ರೂಪಾಯಿಯಿಂದ ಶುರು ಮಾಡಿದರೆ ಮೊದಲ ಪುಟದಲ್ಲಿ ತೋರಿಸುತ್ತದಂತೆ. ನಮ್ಮ ಬೆಲೆಯಿಂದ ಶುರು ಮಾಡಿದರೆ ಅದಕ್ಕೆ ಬೇರೆ ಶುಲ್ಕ, ಮೇಲಾಗಿ ಎಲ್ಲೋ ಹಿಂದಿನ ಪುಟ.

"ಒಂದ ರೂಪಾಯಿ?" ಚಿಗವ್ವನ ಕೈಯಲ್ಲಿನ ಸೂಜಿ ನಿಂತಿತು. "ನನ್ನ ಕೌದಿ ಏನ ಭಿಕ್ಷಾ ಬೇಡಾಕ ಕುಂತೈತೇನ?"

"ಅದು ಬರೇ ಶುರುವಾತಿಗೆ ಚಿಗವ್ವಾ. ಮಂದಿ ಏರಸ್ತಾರ."

"ಏರಸಲಿಲ್ಲಾಂದ್ರ?"

ನಾನು ಗುಂಡಿ ಒತ್ತಿದೆ. ಹತ್ತು ಜನ ನೋಡಲಿ ಎಂದು ಮುಂಡರಗಿಯ ಮಾಮಾನಿಗೂ ಆ ಪುಟವನ್ನು ಕಳಿಸಿದೆ. ಮಾಮಾ ಅಂದರೆ ಅವ್ವನಿಗೂ ಚಿಗವ್ವನಿಗೂ ಒಬ್ಬನೇ ಅಣ್ಣ. ಬೀಜ ಗೊಬ್ಬರದ ಅಂಗಡಿಯವನು. ಐದು ನಿಮಿಷದಲ್ಲಿ ಅವನ ಫೋನು ಬಂತು.

"ಏನ್ಲೇ ಇದು? ನನ್ನ ತಂಗಿ ಕೌದಿ ಒಂದ ರೂಪಾಯಿಗೆ ಇಟ್ಟೀಯಲ್ಲ, ನಿನಗ ನಾಚಿಕಿ ಐತೇನ? ಓದಿದ್ದು ಇದಕ್ಕೇನ?"

"ಅದು ಹಂಗ ಇರತೈತಿ ಮಾಮಾ, ನೀ ಸುಮ್ಕಿರು."

"ಆತು. ಸುಮ್ಕ ಇರ್ತೀನಿ," ಎಂದು ಫೋನಿಟ್ಟ. ಸುಮ್ಮನಿರುವುದು ಅವನ ಜಾಯಮಾನವಲ್ಲ. ನಾನು ಅದನ್ನು ಅಷ್ಟಕ್ಕೇ ಬಿಟ್ಟೆ.

ಮೊದಲ ದಿನ ಸಂಜೆಗೆ ಬೆಲೆ ಒಂಬೈನೂರು. ಮಂಗಳವಾರ ಒಬ್ಬ ಹೆಣ್ಣುಮಗಳು ಕನ್ನಡದಲ್ಲೇ ಪ್ರಶ್ನೆ ಬರೆದಳು. ಒಳಗೆ ಎಷ್ಟು ಪದರ? ಹೊಲಿಗೆ ಪೂರಾ ಕೈಯದೋ? ತೊಳೆದರೆ ನೂಲು ಸೆಳೆದುಕೊಂಡು ಸುಕ್ಕುಗಟ್ಟುತ್ತದೆಯೋ? ಎರಡು ತಿಂಗಳಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಚಿಗವ್ವ ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ಕುಳಿತು ಹೇಳಿದಳು, ನಾನು ಬರೆದೆ.

"ನಾಕ ಪದರ ಅಂತ ಬರಿ. ಮೊದಲನೇ ಸರ್ತಿ ತೊಳದಾಗ ಚೂರ ಸುಕ್ಕ ಬರತೈತಿ, ಆಮ್ಯಾಲೆ ಮೆತ್ತಗ ಆಕ್ಕೈತಿ ಅಂತ ಬರಿ. ಸುಳ್ಳ ಬರೀಬ್ಯಾಡ. ಬಿಸಲಾಗ ಒಣಗಸಬ್ಯಾಡ್ರಿ, ನೆರಳಾಗ ಹಾಕ್ರಿ ಅಂತನೂ ಬರಿ."

ಆಕೆ ಧನ್ಯವಾದ ಹೇಳಿ, ಇದು ಸಿಕ್ಕರೆ ತಂಗಿಯರಿಗೂ ಇನ್ನೆರಡು ಹೊಲಿಸುವ ಆಸೆಯಿದೆ ಎಂದು ಬರೆದಳು. ಬುಧವಾರ ಸಂಜೆ ಆಕೆಯ ಕೂಗು ಐದು ಸಾವಿರದ ನೂರಕ್ಕೆ ಬಂದು ನಿಂತಿತ್ತು. ಚಿಗವ್ವ ಕೇಳಿದ್ದಕ್ಕಿಂತ ಆರುನೂರು ಹೆಚ್ಚು, ಜೊತೆಗೆ ಇನ್ನೆರಡರ ಮಾತು. ಬೇಕಾದದ್ದು ಅಷ್ಟೇ ಆಗಿತ್ತು. ಅಲ್ಲಿಗೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಗಡುವು. ಹತ್ತು ಇಪ್ಪತ್ತಾರಕ್ಕೆ ಹೊಸಬನೊಬ್ಬ ಬಂದ. ತಾಣದಲ್ಲಿ ಹೆಸರು ಕಾಣುವುದಿಲ್ಲ, ಒಂದು ಅಕ್ಷರ ಮತ್ತು ನಾಲ್ಕು ಚುಕ್ಕೆ ಮಾತ್ರ. ಐದು ಸಾವಿರದ ಐದುನೂರು. ಹೆಣ್ಣುಮಗಳು ಆರು ಎಂದಳು. ಇವನು ಆರೂವರೆ. ಯಾರಾದರೂ ಕೂಗಿದರೆ ಗಡುವು ತಾನೇ ಎರಡು ನಿಮಿಷ ಮುಂದಕ್ಕೆ ಹೋಗುತ್ತದೆ, ಆಟ ಮುಗಿಯಬಾರದಲ್ಲ. ಆಕೆ ಏಳು ಎಂದು ತಡೆದಳು, ಇವನು ಏಳೂವರೆ ಎಂದ, ಆಕೆ ಏಳು ಸಾವಿರದ ಎಂಟುನೂರಕ್ಕೆ ಹೋದಳು. ಚಿಗವ್ವ ಗೋಡೆಗೆ ಒರಗಿದ್ದವಳು ಎದ್ದು ನಿಂತಿದ್ದಳು. ಪಕ್ಕದ ಮನೆಯವರು ಬಂದು ಬಾಗಿಲಲ್ಲಿ ನಿಂತಿದ್ದರು. ಆಗ ಪರದೆಯ ಮೇಲೆ ಹನ್ನೊಂದು ಸಾವಿರದ ಒಂದು ಎಂದು ಬಿತ್ತು. ಆಮೇಲೆ ಯಾರೂ ಕೂಗಲಿಲ್ಲ. ಸುತ್ತಿಗೆ ಬಡಿಯಿತು, ಬಣ್ಣದ ಚೂರು ಹಾರಿದವು.

ಆ ಕೊನೆಯ ಒಂದು ರೂಪಾಯಿ ನೋಡಿದಾಗಲೇ ನನಗೆ ಹೊಳೆಯಬೇಕಿತ್ತು. ಹಾಗೆ ಮೇಲೊಂದು ರೂಪಾಯಿ ಸೇರಿಸಿ ಕೂಗುವುದು ನಮ್ಮ ಕಡೆಯ ಊರ ಹರಾಜಿನ ರೂಢಿ. ನನಗೆ ಹೊಳೆಯುವ ಮೊದಲೇ ಚಿಗವ್ವ ನನ್ನ ಕೈಯಿಂದ ಫೋನು ತೆಗೆದುಕೊಂಡು ಗದಗಿಗೆ ಹಚ್ಚಿದ್ದಳು.

"ಸಾವ್ಕಾರ್ರ, ಇನ್ನ ನಮ್ಮ ಮನಿಗೆ ಗಂಟು ಕಳಸಬ್ಯಾಡ್ರಿ. ಪಂಚಮಿ ತನಾ ಕಾಯೂದ ಬ್ಯಾಡ."

"ಆತು ಬಿಡವಾ," ಎಂದಿತು ಆ ಕಡೆಯ ದನಿ, ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿ. "ಅಸುಂಡ್ಯಾಗ ನಾಕ ಮಂದಿ ಕಾಯಾಕತ್ತಾರ."

ಅವಳು ಬಂದವರ ಕೈಗೆಲ್ಲ ಸಕ್ಕರೆ ಹಾಕುತ್ತಿದ್ದಾಗ ಮುಂಡರಗಿಯಿಂದ ಫೋನು ಬಂತು.

"ಗೆದ್ದಿವಿ ನೋಡ!" ಮಾಮಾ ಕೂಗುತ್ತಿದ್ದ. "ಅಂವ ಯಾವನೋ ಏಳು ಎಂಟು ಅಂತ ಹರಕೊಳ್ಳಾಕತ್ತಿದ್ದ. ಒಮ್ಮೆಗೇ ಹನ್ನೊಂದು ಅಂದ ಕೂಡ್ಲೇ ಬಾಯಿ ಮುಚ್ಚಿದ."

"ಯಾರು ಮಾಮಾ ಅಂದಿದ್ದು?"

"ಮತ್ತ್ಯಾರು, ನಾನ. ಮಗನ ಕಡೆ ಫೋನಿನ್ಯಾಗ ಹಾಕಿಸೀನಿ. ತವರಮನಿ ಸತ್ತೈತಿ ಅಂತ ತಿಳದೀಯೇನ?"

ನಮ್ಮ ಕಡೆ ಗಣಪತಿ ಕಳಿಸುವ ಮುನ್ನ ಸವಾಲು, ಅಂದರೆ ಊರ ಹರಾಜು, ನಡೆಯುತ್ತದೆ. ದೇವರ ಮುಂದಿನ ಕಾಯಿ, ಹಣ್ಣು, ಮನೆಮನೆಯಿಂದ ಕಾಣಿಕೆ ಬಂದ ವಸ್ತುಗಳನ್ನು ಎತ್ತಿ ಹಿಡಿದು ಕೂಗುತ್ತಾರೆ. ಯಾವ ಮನೆಯ ಕಾಣಿಕೆಯೋ ಆ ಮನೆಯ ಬೀಗರು, ಅಣ್ಣತಮ್ಮಂದಿರು ಅದು ಅಗ್ಗಕ್ಕೆ ಹೋಗಲು ಬಿಡುವುದಿಲ್ಲ. ಹೋದರೆ ಮನೆಯ ಮರ್ಯಾದೆ ಹೋದಂತೆ. ಹೆಚ್ಚು ಕೂಗಿ ಹಿಡಿದವನು ಹಣವನ್ನು ಮುಂದಿನ ಗಣಪತಿಯೊಳಗೆ ಕೊಟ್ಟರಾಯಿತು. ಎಷ್ಟೋ ಸಲ ವಸ್ತುವನ್ನು ಕೊಟ್ಟ ಮನೆಗೇ ತಿರುಗಿ ಕೊಟ್ಟುಬಿಡುತ್ತಾನೆ. ಹಿಂದೆ ಒಮ್ಮೆ ಚಿಗವ್ವ ಗಣಪತಿಗೆ ಒಂದು ಸಣ್ಣ ಕೌದಿ ಕೊಟ್ಟಾಗ ಮಾಮಾ ಮುಂಡರಗಿಯಿಂದ ಬಂದು ಅದನ್ನು ಹಿಡಿದು, ಎಲ್ಲರೆದುರು ತಂಗಿಯ ಹೆಗಲಿಗೇ ಹೊದಿಸಿ ಹೋಗಿದ್ದ. ಊರು ವಾರಗಟ್ಟಲೆ ಅದನ್ನು ಮಾತಾಡಿತ್ತು. ಅಲ್ಲಿ ಆ ಬೆಲೆ ನಿಜದ ಬೆಲೆಯಲ್ಲ ಎಂದು ಕೂತವರಿಗೆಲ್ಲ ಗೊತ್ತಿರುತ್ತದೆ. ಯಾರು ಯಾರ ಅಣ್ಣ ಎಂಬುದೂ ಗೊತ್ತಿರುತ್ತದೆ.

ಇಲ್ಲೂ ಅವನು ಹಾಗೆಯೇ ಮಾಡಿದ್ದ. ಕೌದಿ ಎಲ್ಲಿಗೆ ಕಳಿಸಬೇಕು ಎಂದು ತಾಣ ಕೇಳಿದ ಜಾಗದಲ್ಲಿ ಬೆಳ್ಳಟ್ಟಿಯ ಚಿಗವ್ವನ ಮನೆಯ ವಿಳಾಸವನ್ನೇ ತುಂಬಿಸಿದ್ದ.

"ಅಕೀದು ಅಕಿ ಹತ್ರನ ಇರ್ಲಿ ಅಂತ," ಎಂದ. "ರೊಕ್ಕ ಸುಗ್ಗಿ ಆದ ಮ್ಯಾಲೆ ಕೊಡ್ತೀನಿ. ಎಲ್ಲಿಗೆ ಓಡಿ ಹೊಕ್ಕೀನಿ?"

"ಮಾಮಾ, ಎರಡ ದಿನದಾಗ ಕಟ್ಟಬೇಕು!"

"ಎರಡ ದಿನಾ? ಇವ್ರೇನ್ ಸವಾಲ ಮಾಡ್ಯಾರೋ, ದರೋಡಿ ಮಾಡ್ಯಾರೋ?"

ಪಾಪ, ಆಗಲೇ ಕಟ್ಟುತ್ತೇನೆ ಎಂದ. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ತೆಗೆದು ಸಂಜೆಯೊಳಗೆ ಕಟ್ಟಿಸಲು ಹೊರಟ. ಅಷ್ಟರಲ್ಲಿ ಕಾಲ ಮಿಂಚಿತ್ತು. ಮಧ್ಯಾಹ್ನ ಮೂರಕ್ಕೆ ತಾಣದ ಸಂದೇಶ: ಕೊಂಡವರ ವಿಳಾಸ, ಮಾರಿದವರ ವಿಳಾಸ ಒಂದೇ, ಇದು ಬೆಲೆ ಏರಿಸಲು ಮಾಡಿದ ಸುಳ್ಳು ಕೂಗು, ಮಾರಾಟದ ಖಾತೆಯನ್ನು ಕಾಯಂ ಮುಚ್ಚಲಾಗಿದೆ.

ಮುಚ್ಚುವ ಸ್ವಲ್ಪ ಮೊದಲು ಆ ಹೆಣ್ಣುಮಗಳ ಒಂದು ಸಾಲು ಬಂದಿತ್ತು. ಬಹುಶಃ ತಾಣವೇ ಅವಳಿಗೂ ತಿಳಿಸಿರಬೇಕು. 'ನಿಮ್ಮವರಿಂದಲೇ ಕೂಗಿಸಿದಿರಿ. ನೆರಳಲ್ಲಿ ಒಣಗಿಸಿ ಎಂದು ಹೇಳಿದವರು ಇಂಥವರು ಎಂದುಕೊಂಡಿರಲಿಲ್ಲ. ಹೇಸಿಗೆಯಾಯಿತು.' ಉತ್ತರ ಬರೆಯಲು ಹೋದೆ. ಬರೆಯುವ ಜಾಗವೇ ಬೂದು ಬಣ್ಣಕ್ಕೆ ತಿರುಗಿತ್ತು.

ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ನಮ್ಮವರದೇ ಕೂಗು ಆಕೆಯನ್ನು ಐದು ಸಾವಿರದಿಂದ ಎಂಟರ ಹತ್ತಿರಕ್ಕೆ ಏರಿಸಿ ಬರಿಗೈಯಲ್ಲಿ ಕಳಿಸಿತ್ತು. ನನಗೆ ವಾಕರಿಕೆ ಬರುವುದು ಬೇರೆ ಕಡೆ. ಆಮೇಲೆ ಮಾಮಾನ ಮಗನ ಫೋನು ತರಿಸಿ ನೋಡಿದೆ. ಗುರುವಾರ ಬೆಳಿಗ್ಗೆ ಆ ಕೆಲವು ನಿಮಿಷಗಳಲ್ಲಿ ತಾಣ ಅವನಿಗೆ ಕಳಿಸಿದ ಸಂದೇಶಗಳು ಒಂದರ ಕೆಳಗೊಂದು ಇದ್ದವು. 'ನಿಮ್ಮನ್ನು ಒಬ್ಬರು ಮೀರಿಸಿದ್ದಾರೆ!' 'ಬಿಟ್ಟುಕೊಡುತ್ತೀರಾ?' 'ಇನ್ನೊಂದು ಕೂಗು, ಗೆಲುವು ನಿಮ್ಮದೇ!' ಬಿಟ್ಟುಕೊಡುತ್ತೀರಾ ಎಂದು ಒಬ್ಬ ಅಣ್ಣನನ್ನು ಕೆಣಕುವುದು ವ್ಯಾಪಾರ, ಅಣ್ಣ ಬಿಟ್ಟುಕೊಡದಿದ್ದರೆ ಅದು ಮೋಸ! ಕೂಗು ಸುಳ್ಳಾಗಿತ್ತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಲಿನ ಕಲೆ ಮಾಡಿ ಬಣ್ಣ ಸರಿಯಿಲ್ಲ ಎಂದವರ ಖಾತೆ ಇಂದಿಗೂ ತೆರೆದೇ ಇದೆ. ಸೂಜಿ ತಾಗದ ಬಟ್ಟೆಗೆ ಕೈಹೊಲಿಗೆ ಎಂದು ಹೆಸರಿಟ್ಟವರು ಇಂದಿಗೂ ಮೊದಲ ಪುಟದಲ್ಲಿದ್ದಾರೆ.

ತಾಣಕ್ಕೆ ನಾಲ್ಕು ಸಲ ಬರೆದೆ. ಅಣ್ಣ, ತಂಗಿ, ಸವಾಲು, ಎಲ್ಲ ವಿವರಿಸಿದೆ. ನಾಲ್ಕಕ್ಕೂ ಅಕ್ಷರ ಬದಲಿಲ್ಲದ ಒಂದೇ ಉತ್ತರ: 'ನಿಮ್ಮ ಅನುಭವಕ್ಕಾಗಿ ವಿಷಾದಿಸುತ್ತೇವೆ. ನಿರ್ಧಾರ ಬದಲಾಗುವುದಿಲ್ಲ.' ಕೆಳಗೆ ನಗುವ ಮುಖಗಳ ಸಾಲು ಇಟ್ಟು, ಈ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ್ದರು. ಥೂ ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ಭಾನುವಾರ ಮಾಮಾ ಬೆಳ್ಳಟ್ಟಿಗೆ ಬಂದ. ಚಹಾ ಕುಡಿಯುವ ಮೊದಲೇ ಹನ್ನೊಂದು ಸಾವಿರದ ಒಂದು ರೂಪಾಯಿಯನ್ನು ಕೌದಿಯ ಮಡಿಕೆಯ ಮೇಲಿಟ್ಟ. ಚಿಗವ್ವ ಮುಟ್ಟಲಿಲ್ಲ.

"ತೊಗೋ ತಂಗಿ. ನಾ ಕೂಗಿದ್ದು ನಾ ಕೊಡಬೇಕು."

"ಬ್ಯಾಡಣ್ಣಾ."

"ಯಾಕ? ನನ್ನ ರೊಕ್ಕಕ್ಕ ಏನ ಹುಳ ಹತ್ತ್ಯಾವೇನ?"

"ನೀ ಮರ್ಯಾದಿಗೆ ಕೂಗಿದಿ, ನನಗ ತಿಳೀತೈತಿ. ಮರ್ಯಾದಿ ನನಗ ಮೊದಲೂ ಇತ್ತು." ಅವಳ ದನಿ ಏರಲಿಲ್ಲ. "ನನಗ ಬೇಕಾಗಿದ್ದು ಗಿರಾಕಿ. ಇನ್ನೆರಡ ಹೊಲಸ್ತೀನಿ ಅಂದಿದ್ಲು."

ಮಾಮಾ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಅವನು ಕೊಟ್ಟದ್ದನ್ನು ಈ ಮನೆಯಲ್ಲಿ ಯಾರೂ ಹಿಂದೆಂದೂ ಬೇಡ ಎಂದಿರಲಿಲ್ಲ. ರೊಕ್ಕ ಎತ್ತಿಕೊಂಡು ಏಳುವಾಗ ನನ್ನ ಕಡೆ ತಿರುಗಿ, "ಒಂದ ರೂಪಾಯಿಗೆ ಇಟ್ಟಾಕಿ ನೀನ ಅಲ್ಲೇನ್ಲೇ," ಎಂದ. ಅದೂ ನಿಜವೇ.

ಪಂಚಮಿಗೆ ನಾಲ್ಕು ದಿನ ಇರುವಾಗ ಚಿಗವ್ವನ ಜೊತೆ ಗದಗಿಗೆ ಹೋದೆ. ಸಾವ್ಕಾರ ನಮ್ಮನ್ನು ಅಂಗಡಿಯ ಹೊರಗಿನ ಬೆಂಚಿನ ಮೇಲೆ ಬೇಕೆಂದೇ ಕೂಡಿಸಿ, ಮೂರು ಗಿರಾಕಿಗಳನ್ನು ಕಳಿಸಿ, ಒಂದು ಪಾನು ಹಾಕಿಕೊಂಡು, ಆಮೇಲೆ ನೋಡಿದ.

"ಬರ್ರಿ, ಬರ್ರಿ. ಫೋನಿನ್ಯಾಗ ಹನ್ನೊಂದ ಸಾವಿರ ಬಂತಂತಲ್ಲವಾ? ಬೆಳ್ಳಟ್ಟಿ ತುಂಬ ಖಬರ ಐತಿ. ಬಡವನ ಅಂಗಡಿಗೆ ಯಾಕ ಬಂದ್ರಿ?"

"ಕೆಲಸಕ್ಕ ಬಂದೀನ್ರಿ," ಎಂದಳು ಚಿಗವ್ವ.

"ಕೆಲಸ ಐತಿ. ಮೊದಲಿನ ರೇಟು ಇಲ್ಲ. ಅಸುಂಡಿ ಹೆಣ್ಮಕ್ಕಳು ಕಡಿಮಿಗೆ ಹೊಲೀತಾರ. ಅವ್ರ ರೇಟು ನಡೀತೈತೇನ?"

ಅವನಿಗೂ ಒಂದೇ ಮಾತು, ಒಂದೇ ದರ. ಚಿಗವ್ವ ತಲೆಯಾಡಿಸಿದಳು. ಹುಬ್ಬಳ್ಳಿಯಲ್ಲಿ ಅವನು ಈ ಕೌದಿಗಳನ್ನು ಎಷ್ಟಕ್ಕೆ ಮಾರುತ್ತಾನೆ ಎಂದು ನಾನು ಕೇಳಿದೆ. ಅವನು ಪಾನು ಉಗುಳಲು ಬಾಗಿಲಿಗೆ ಹೋದ. ಬಸ್ಸಿನಲ್ಲಿ ಪಾಲಿಸ್ಟರ್ ಗಂಟು ಅವಳ ತೊಡೆಯ ಮೇಲಿತ್ತು. ಸೊರಟೂರು ದಾಟಿದ ಮೇಲೆ ಅವಳು ಗಂಟಿನ ಬಾಯಿ ಸ್ವಲ್ಪ ಸಡಿಲಿಸಿ ಒಂದು ತುಂಡನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಜಾರತೈತಿ. ಸೂಜಿ ನಿಲ್ಲಂಗಿಲ್ಲ ಇದ್ರಾಗ," ಎಂದು ಮತ್ತೆ ಕಟ್ಟಿದಳು.

ಈಗ ಅವಳು ಹಗಲೆಲ್ಲ ಅದನ್ನೇ ಹೊಲಿಯುತ್ತಾಳೆ. ಅವಳ ಸ್ವಂತದ ಮೂರು ಕೌದಿಗಳು ಮನೆಯಲ್ಲಿ ಮಡಚಿ ಇವೆ: ಕಲೆಯದು ಒಂದು, ಹರಾಜಿನದು ಒಂದು, ಅರ್ಧ ಆದದ್ದು ಒಂದು. ಆ ಅರ್ಧದ್ದನ್ನು ಮುಗಿಸುತ್ತಾಳೋ ಇಲ್ಲವೋ ಎನ್ನುವುದು ಅದನ್ನು ಕೊಳ್ಳುವವರು ಸಿಗುತ್ತಾರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಕಾಕಾನ ಹೆಸರಿನಲ್ಲಿ ಬೇರೆ ಖಾತೆ ತೆರೆಯಬಹುದೇ ಎಂದು ವಿಚಾರಿಸಿದರೆ, ಅದೇ ಮನೆಯ ವಿಳಾಸವಾದರೆ ಅದನ್ನೂ ಮುಚ್ಚುತ್ತಾರೆ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಇದನ್ನು ಓದುವವರಲ್ಲಿ ಇಂಥ ಮುಚ್ಚಿದ ಖಾತೆಯನ್ನು ತೆರೆಸಿದವರಿದ್ದರೆ, ಯಾರಿಗೆ ಏನೆಂದು ಬರೆದಿರಿ ಎಂದು ದಯವಿಟ್ಟು ಬರೆದು ತಿಳಿಸಿ. ಹೊಲಿದವಳು ಹೇಳಿದ ದರವನ್ನು ಗೀಟು ಹೊಡೆಯದೆ, ಗಡಿಯಾರ ಕಟ್ಟದೆ ಹಾಗೆಯೇ ಇಟ್ಟು ಮಾರುವ ಜಾಗ ಯಾವುದಾದರೂ ನಿಮಗೆ ಗೊತ್ತಿದ್ದರೆ ಅದನ್ನೂ ತಿಳಿಸಿ. ಕೇಳಿದ ಮಾತಾದರೆ ಬೇಡ, ಸ್ವತಃ ಮಾರಿ ನೋಡಿದ್ದರೆ ಬರೆಯಿರಿ.